ಹೊಳಿಯಮ್ಮನ ಬೆಳ್ಳನ ಬೂದಿ

ನಮ್ಮ ಓಣ್ಯಾಗ ಯಾರನ್ನರ ಕೇಳ್ರಿ, ಬೂದಿ ಹೊಳಿಯಮ್ಮ ಅಂದ್ರ ಸಣ್ಣ ಹುಡುಗ್ರಿಗೂ ಗೊತ್ತೈತಿ. ಹೆಸರು ಕೇಳಿ ನಗಬ್ಯಾಡ್ರಿ. ನಕ್ಕೋರ್ನ ನಾ ಭಾಳ ಮಂದಿ ನೋಡೇನಿ, ಅವರೆಲ್ಲ ಆಮ್ಯಾಲ ಅಕಿ ಟಾಕಿ ನೀರು ಕುಡದೋರ. ನಾನು ಯಮನೂರಮ್ಮ, ಅಕಿ ನೆಗೆಣ್ಣಿ. ಅಣ್ಣತಮ್ಮರ ಹೆಂಡ್ರು ನಾವು. ಅಕಿ ಹಿರೇ ಸೊಸಿ, ನಾ ಕಿರೇ ಸೊಸಿ. ಒಂದ ಮನ್ಯಾಗ, ಒಂದ ಒಲಿ ಮುಂದ, ಒಬ್ಬಾಕಿ ಅತ್ತಿ ಕೈಯಾಗ ಬಾಳೇವು ಮಾಡೇವಿ. ನೆಗೆಣ್ಣೇರು ಒಬ್ಬರ್ನೊಬ್ಬರು ಹೊಗಳಿದ್ದು ನೀವೆಲ್ಲೂ ಕೇಳಿರಾಕಿಲ್ಲ. ನಾ ಹೊಗಳ್ತೀನಿ. ನನ್ನ ಬಾಯಿ ಭಾಳ ಖೋಡಿ ಅಂತ ಊರಿಗೇ ಗೊತ್ತೈತಿ, ಅಂಥಾ ಬಾಯಿ ಹೊಗಳ್ತೈತಿ ಅಂದ್ರ ಏನರ ಇರಬೇಕಲ್ಲ? ನಮ್ಮತ್ತಿ ಮುದುಕವ್ವ ಇರೂತನ ಈ ಮಾತು ಆಡೂವಂಗಿದ್ದಿಲ್ಲ. ಈಗ ಅಕಿ ಶಿವನ ಪಾದ ಸೇರ್ಯಾಳ, ಅದಕ್ಕ ಹೇಳಾಕತ್ತೀನಿ.

ಹೊಳಿಯಮ್ಮ ಯಲಬುರ್ಗಾ ಕಡಿ ಹೆಣ್ಣು. ಎರಿ ಹೊಲ, ಜ್ವಾಳ, ಕಡ್ಲಿ ಇಷ್ಟ ಕಂಡಾಕಿ. ಭತ್ತದ ಗದ್ದಿ ಅನ್ನೂದನ್ನ ಮದುವ್ಯಾಗಿ ಗಂಗಾವತಿ ಕಡಿ ನಮ್ಮೂರಿಗೆ ಬಂದ ಮ್ಯಾಲ ನೋಡಿದ್ಲು. ನಮ್ಮದು ಕೆನಾಲಿನ ದಂಡಿ ಊರು. ಅಕಿ ಗಂಡ ಯಂಕೋಬ, ನಮ್ಮ ಭಾವ, ರೈಸ್ ಮಿಲ್ಲಿನ ಹೊಟ್ಟು ಬಂಡ್ಯಾಗ ಹೇರ್ಕೊಂಡು ಊರ ಹೊರಗ ಸುರುವಿ ಬರ್ತಿದ್ದ. ಮಿಲ್ಲು ಒಂದಾದ ಮ್ಯಾಲೊಂದು ಎದ್ದ ಕಾಲ ಅದು. ಅಕ್ಕಿ ಪ್ಯಾಟಿಗೆ ಹೋಗ್ತಿತ್ತು, ಹೊಟ್ಟು ನಮ್ಮ ಪಾಲಿಗೆ ಬರ್ತಿತ್ತು. ಗಾಳಿ ಬೀಸಿತಂದ್ರ ಕಣ್ಣಾಗ ಹೊಟ್ಟು, ಸಾರಿನ್ಯಾಗ ಹೊಟ್ಟು, ತಲಿ ತುಂಬ ಹೊಟ್ಟು. ನಾವೆಲ್ಲ ಬೈಕೋತ ಜಾಡಿಸ್ಕೊಂತಿದ್ವಿ. ಇಕಿ ಮಾತ್ರ ಒಂದು ಮುಷ್ಟಿ ಹಿಡ್ಕೊಂಡು ತಿಕ್ಕಿ ತಿಕ್ಕಿ ನೋಡೂಕಿ.

"ಜ್ವಾಳದ ಕಣಕಿ ದನ ತಿಂತಾವು. ಇದನ್ನ ದನ ಮೂಸಿ ಸೈತ ನೋಡೂದಿಲ್ಲ. ತಿಪ್ಪ್ಯಾಗ ಹಾಕಿದ್ರ ಕೊಳಿಯೂದಿಲ್ಲ. ಕೈಯಾಗ ತಿಕ್ಕಿದ್ರ ಮರಳು ತಿಕ್ಕಿದಂಗಾಕ್ಕೈತಿ. ಏನೈತ್ಯವ್ವ ಇದರೊಳಗ?" ಅಂದ್ಲು.

"ಹೊಟ್ಟು ಕುಟ್ಟಿದ್ರ ಅಕ್ಕಿ ಬರೂದಿಲ್ಲ, ಸುಮ್ನ ರೊಟ್ಟಿ ಬಡಿ ಬಾರ" ಅಂದೆ ನಾನು.

ಕೇಳಬೇಕಲ್ಲ! ಹಿತ್ತಲದಾಗ ಹೊಟ್ಟಿನ ಗುಂಪಿ ಹಾಕಿ ಸುಡಾಕ ಸುರು ಮಾಡಿದ್ಲು. ಧಗಧಗ ಉರಿ ಹಚ್ಚಿದ್ರ ಕರೀ ಬೂದಿ ಬಂತು, ಮಿಲ್ಲಿನ ಬಾಯ್ಲರದಾಗ ಬರೂವಂಥಾದ್ದ. ಒಂದ ಸಲ ಉರಿ ಆರಿಹೋಯ್ತಂತ ಬೇಸರಾಗಿ ಗುಂಪಿ ಬಿಟ್ಟ ಬಂದ್ಲು. ಒಳಗಿಂದೊಳಗ ಅದು ಸುಮ್ನ ಕೆಂಡ ಹಿಡಿದು ನಿಧಾನಕ್ಕ ಸುಟ್ಟಿತ್ತು. ತೆಗದು ನೋಡಿದ್ರ ನಡುವ ಬೆಳ್ಳನ ಬೂದಿ, ಒಂದೊಂದು ಹೊಟ್ಟೂ ತನ್ನ ಆಕಾರ ಬಿಡದಂಗ ಕುಂತಿತ್ತು. ಊದಿದ್ರ ಹಾರಬೇಕು, ಮುಟ್ಟಿದ್ರ ಹಿಟ್ಟಾಗಬೇಕು. ಯವ್ವಾ, ಎಂಥಾ ಬಿಳುಪು!

ಅವತ್ತಿನಿಂದ ಅಕಿಗೆ ಅದ ಹುಚ್ಚು. ಹಳೀ ತಗಡಿನ ಡಬ್ಬಿಗೆ ಮೊಳಿಲೆ ತೂತು ಬಡದು ನಡುವ ನಿಲ್ಲಿಸೂದು, ಸುತ್ತ ಹೊಟ್ಟು ಹಾಕೂದು, ಬುಡಕ್ಕ ಸಣ್ಣ ಸಣ್ಣ ಕಿಂಡಿ ಬಿಡೂದು. ಹೊಗಿ ಬರಬೇಕು, ಜ್ವಾಲಿ ಬರಬಾರದು. ಜ್ವಾಲಿ ಎದ್ದರ ಓಡಿ ಹೋಗಿ ಕಿಂಡಿ ಮುಚ್ಚಾಕಿ, ಹೊಗಿ ನಿಂತರ ಕಿಂಡಿ ತೆರ್ಯಾಕಿ. ಹಸಗೂಸು ಕಾಯ್ದಂಗ ಕಾಯ್ತಿದ್ಲು.

"ಹೊಟ್ಟಿಗೂ ಎಲುಬೈತಿ, ಯಮನೂರಿ" ಅಂತಿದ್ಲು. "ಮಾಂಸ ಸುಟ್ಟು ಎಲುಬು ಉಳೀಬೇಕು. ಎಲುಬಿನ ತುಂಬ ಕಣ್ಣಿಗೆ ಕಾಣದಂಥಾ ತೂತು ಅದಾವು. ಗಾಳಿ ಆ ತೂತಿನ್ಯಾಗ ಹೊಕ್ಕು ಒಳಗಿನ ಕರೀದನ್ನೆಲ್ಲ ತಿಂದು ಬರಬೇಕು. ಅವಸರ ಮಾಡಿ ಉರಿ ಜೋರ್ ಮಾಡಿದಿ ಅಂದ್ರ ಎಲುಬ ಕರಗಿ ತೂತು ಮುಚ್ಚತೈತಿ, ಕರೀದು ಒಳಗ ಸಿಕ್ಕೊಂತೈತಿ. ಆಮ್ಯಾಲ ತಿಪ್ಪರಲಾಗ ಹಾಕಿದ್ರೂ ಅದು ಬೆಳ್ಳಗಾಗೂದಿಲ್ಲ."

ನನಗ ಇದು ಹುಚ್ಚು ಮಾತಾಗಿ ಕಂಡಿತ್ತು. ಆದ್ರ ನಮ್ಮೂರ ಸಾಲಿ ಮಾಸ್ತರ, ವಿರುಪಣ್ಣ ಮಾಸ್ತರ, ಇದನ್ನ ಕೇಳಿ ಕುಂತಲ್ಲಿಂದ ಎದ್ದುಬಿಟ್ರು. "ಅಗದೀ ಬರೋಬ್ಬರಿ ಹೇಳಿದಿ ತಂಗಿ. ನೀ ಎಲುಬು ಅಂತಿ, ನಾವು ಸಿಲಿಕಾ ಅಂತೀವಿ. ಮರಳು, ಗಾಜು ಎಲ್ಲಾ ಅದ ಜಾತಿ. ಗಾಳ್ಯಾಗ ಆಮ್ಲಜನಕ ಅಂತಿರ್ತೈತಿ, ಅದು ಆ ಸಿಲಿಕಾದ ಸಂದಿನ್ಯಾಗ ತೂರಿ ಹೋಗಿ ಇದ್ದಲಿ ಸುಡ್ತೈತಿ" ಅಂದ್ರು. ಮಾಸ್ತರಿಗೆ ಅಕಿ ಮಾತು ಹಿಡಿಸ್ತು, ಅಕಿಗೆ ಮಾಸ್ತರ ಮಾತು ಹಿಡಿಸ್ತು. ಆ ಬೂದ್ಯಾಗ ಲವಂಗ ಅರದು ಹಾಕಿ ಹಲ್ಲಪುಡಿ ಮಾಡಿ ಓಣಿಗೆಲ್ಲ ಹಂಚಿದ್ಲು. ಬೂದಿ ಹೊಳಿಯಮ್ಮ ಅಂತ ಹೆಸರು ಬಂದದ್ದು ಆಗ.

ಈಗ ನೀರಿನ ಮಾತಿಗೆ ಬರ್ತೀನಿ. ಕೆನಾಲ ತುಂಬಿ ಹರೀತಿದ್ರ ನಮಗೇನೂ ಕೊರತಿ ಇದ್ದಿಲ್ಲ. ಬ್ಯಾಸಗ್ಯಾಗ ಕೆನಾಲ ಬಂದ್ ಮಾಡ್ತಿದ್ರು ನೋಡ್ರಿ, ಆಗ ನಮ್ಮ ಹೆಣಮಕ್ಕಳ ಜೀವ ಕೈಯಾಗ. ತೂಬಿನ ಹಂತ್ಯಾಕ ತಗ್ಗಿನ್ಯಾಗ ನೀರು ನಿಂತಿರ್ತಿತ್ತು. ಪಾಚಿಗಟ್ಟಿದ ಇಳುಕಲಿನ್ಯಾಗ ಕೊಡ ಹೊತ್ತು ಇಳೀಬೇಕು, ಹತ್ತಬೇಕು. ನಮ್ಮತ್ತಿಗೆ ಒಬ್ಬಾಕಿ ಮಗಳಿದ್ಲು, ಮಾರೆವ್ವ. ನಾ ಈ ಮನಿಗೆ ಬರೂಕಿಂತ ಮೊದಲ, ಅಂಥದ್ದ ಒಂದು ಬ್ಯಾಸಗ್ಯಾಗ ಅಲ್ಲೇ ಕಾಲು ಜಾರಿ ಹೋದ್ಲು. ಕೊಡ ತೇಲಿತ್ತಂತ, ಹುಡುಗಿ ತೇಲಲಿಲ್ಲ. ನಮ್ಮತ್ತಿ ಆಮ್ಯಾಲ ಕೆನಾಲಿನ ಕಡಿ ಮಾರಿ ಹಾಕಿ ಕುಂತದ್ದ ನಾ ನೋಡಿಲ್ಲ. ಸೊಸ್ತೇರು ನೀರಿಗೆ ಹ್ವಾದ್ರ ತಿರುಗಿ ಬರೂತನ ಬಾಗಲದಾಗ ನಿಂತಿರ್ತಿದ್ಲು. ಬಂದ ಮ್ಯಾಲ "ಎಷ್ಟೊತ್ತು ಮಾಡ್ತೀರ, ಹಾಳಾಗಿ ಹೋಗ್ರಿ" ಅಂತ ಬೈತಿದ್ಲು. ಅದು ಬೈಗಳ ಅಲ್ಲ ಅಂತ ತಿಳೀಲಿಕ್ಕ ನನಗ ಭಾಳ ವರ್ಷ ಹಿಡೀತು.

ಅದಕ್ಕ ಓಣಿಯೋರೆಲ್ಲ ಕೂಡಿ ಒಂದು ನೀರಿನ ಟಾಕಿ ಕಟ್ಟೂದು ಅಂತ ಮಾಡಿದ್ವಿ. ಕೆನಾಲ ಹರಿಯೂವಾಗ ಕಾಲುವಿಂದ ತುಂಬಿಸ್ಕೊಂಡ್ರ ಬಂದ್ ಆದಾಗ ಕುಡಿಯಾಕಾಕ್ಕೈತಿ ಅಂತ. ಕಲ್ಲಿಗೇನು ಕೊರತಿ, ಆನೆಗೊಂದಿ ಕಡಿ ನೋಡಿದಲ್ಲೆಲ್ಲ ಗುಡ್ಡ. ಗಂಡಸ್ರು ಕಲ್ಲು ಹೇರಿದ್ರು, ಹೊನ್ನೂರಪ್ಪ ಗೌಂಡಿ ಗ್ವಾಡಿ ಎಬ್ಬಿಸಿದ. ಒಳಗ ಗಿಲಾವು ಮಾಡಾಕ ಸಿಮೆಂಟ್ ಬೇಕಿತ್ತು. ಸಿಮೆಂಟಿಗೆ ಪರ್ಮಿಟ್ ಬೇಕಾಗಿದ್ದ ಕಾಲ. ಅಡ್ಡಾಡಿ ಅಡ್ಡಾಡಿ ಚಪ್ಪಲಿ ಹರದ್ವು, ಪರ್ಮಿಟ್ ಬರಲಿಲ್ಲ. ಬರೇ ಸುಣ್ಣ ಬಡದ್ರ ನೀರಾಗ ಕರಗಿ ಹೋಗ್ತೈತಿ ಅಂತ ಗೌಂಡಿ ಕೈ ಚೆಲ್ಲಿದ.

ಆಗ ಹೊಳಿಯಮ್ಮ ಒಂದು ಒಡಕ ಬುಟ್ಟಿ ತಂದು ಅವನ ಮುಂದಿಟ್ಲು. ಬೂದಿ ಬುಟ್ಟಿ ಅದು. ಮನಿಗೆ ಬಳಿಯೂ ಸುಣ್ಣ ಅದರ ಮ್ಯಾಲ ಚೆಲ್ಲಿ, ಮಳ್ಯಾಗ ತೋಯ್ದು, ಹಂಗ ಬಿದ್ದಿತ್ತು. ಬೂದಿ-ಸುಣ್ಣ ಕೂಡಿ ಕಲ್ಲಾಗಿ ಬುಟ್ಟಿಗೆ ಹಿಡಕೊಂಡಿತ್ತು. ಹೊನ್ನೂರಪ್ಪ ಕರಣಿಲೆ ಬಡದ, ಕೆತ್ತಿದ, ಉಗುಳು ಹಚ್ಚಿ ನೋಡಿದ.

"ಹೊಳಿಯವ್ವ, ಇದು ಗಚ್ಚು ಐತಲ್ಲ! ನಮ್ಮಜ್ಜಾರು ಸುಣ್ಣಕ್ಕ ಇಟ್ಟಂಗಿ ಪುಡಿ ಹಾಕಿ ಮಾಡ್ತಿದ್ರಲ್ಲ, ಅದರಂಗ ಐತಿ" ಅಂದ.

ಒಂದು ದನ ಕುಡಿಯೂ ದ್ವಾಣಿಗೆ ಬಡದು ನೋಡಿದ್ರು. ಹಸಿ ಹಸಿ ಇಟ್ಟು ಕಾಯ್ದ್ರು. ನೀರು ಹಾಕಿದ್ರ ಹನಿ ಸೋರಲಿಲ್ಲ. ಇಡೀ ಓಣಿ ಬಂದು ನೋಡ್ತು. "ಎಂಥಾ ಬೂದಿ ಯವ್ವಾ, ಮಲ್ಲಿಗಿ ಹೂವಾಗೇತಿ ನೋಡ" ಅಂದೋರೆಷ್ಟು, "ಹೊಳಿಯಮ್ಮನ ಕೈಗುಣ" ಅಂದೋರೆಷ್ಟು! ನಮ್ಮತ್ತಿ ಮೂಲ್ಯಾಗ ಕುಂತು ಎಲ್ಲಾರ ಮಾರಿ ನೋಡಿದ್ಲು.

ಟಾಕಿಗೆ ಬೇಕಾಗೂವಷ್ಟು ಬೂದಿಗೆ ದೊಡ್ಡ ಗುಂಪಿ ಹಾಕಿದ್ವಿ. ತಗದ್ರ, ಅಯ್ಯ ಶಿವನ, ಬೂದ್ಯಾಗ ರಾಶಿ ಕರೀ ಗಂಟು! ಕೆಲವಂತೂ ಗಾಜಿನಂಗ ಮಿಂಚತಿದ್ವು, ಒಡದ್ರ ಒಳಗ ಇದ್ದಲಿ. ಮತ್ತೊಂದು ಗುಂಪಿ ಹಾಕಿದ್ವಿ, ಅದು ಮೊದಲಿನಕಿಂತ ಕಡಿ. ಗಂಟು ಆರಿಸಿ ತಗದು ಹೊನ್ನೂರಪ್ಪ ಒಂದು ಮೂಲಿಗೆ ಬಡದ. ಒಣಗಿದ ಮ್ಯಾಲ ಉಗರಿಲೆ ಕೆರದ, ಪುಡಿ ಪುಡಿ ಉದುರಿತು.

"ಕೆನಾಲ ಬಂದ್ ಆಗೂ ದಿನ ಹತ್ರ ಬಂತವ್ವ" ಅಂದ ಅವ. "ಗಚ್ಚು ಹಸಿ ಇದ್ದು ಬಿಗಿ ಆಗಾಕ ಟೈಮ್ ಬೇಕು, ತುಂಬಿಸಾಕ ಕಾಲುವ್ಯಾಗ ನೀರಿರಬೇಕು. ಇನ್ನೊಂದ ಗುಂಪಿ ನೋಡ್ತೀನಿ. ಅದೂ ಹಿಂಗ ಬಂದ್ರ ನಾ ಕುಷ್ಟಗಿಗೆ ಕೆಲಸಕ್ಕ ಹೋಗ್ತೀನಿ. ಈ ಬ್ಯಾಸಗಿಗೆ ನಿಮ್ಮ ಟಾಕಿ ಇಲ್ಲ."

ಮಂದಿ ಬಾಯಿ ಕೇಳ್ತೀರೇನು! ನಿನ್ನೆ ಕೈಗುಣ ಅಂದೋರ ಇವತ್ತು "ಬೂದೀಲೆ ಟಾಕಿ ಕಟ್ಟೂ ಮಹಾರಾಣಿ ಬಂದ್ಲು ನೋಡ್ರಿ" ಅಂದ್ರು. ಫಕೀರಮ್ಮ ಅಂತ ಒಬ್ಬಾಕಿ ಇದ್ಲು, ನಮ್ಮನಿ ಎದುರಿನಾಕಿ. "ನಮ್ಮ ಗಂಡಸ್ರು ಕಲ್ಲು ಹೊತ್ತದ್ದು ಬೂದ್ಯಾಗ ಹೋಮ ಆತು" ಅಂದ್ಲು. ನಾನೂ ಸೆರಗ ಸಿಗಿಸ್ಕೊಂಡು ಹೋಗಿ ಅಕಿ ಏಳು ತಲಿ ಜಾಲಾಡಿಸಿ ಬಂದೆ. ಹೊಳಿಯಮ್ಮ ಮಾತ್ರ ಒಂದು ತುತ್ತು ಹೊಟ್ಟಿಗೆ ಹಾಕ್ಕೊಳ್ಳದ ಆ ಕರೀ ಗಂಟು ಉಡ್ಯಾಗ ಕಟ್ಟಿಕೊಂಡು ಅಡ್ಡಾಡಿದ್ಲು. ಬಾಗಲದಾಗ ನಿಂತ ಅತ್ತಿ ಮಾರಿ ಅಕಿಗೆ ನೋಡಾಕ ಆಗ್ತಿದ್ದಿಲ್ಲ. ಈ ಬ್ಯಾಸಗ್ಯಾಗ ಆ ಪಾಚಿ ಮ್ಯಾಲ ಯಾರು ಜಾರತಾರೋ ಅನ್ನೂದ ಒಂದ ಚಿಂತಿ.

ಗಂಟು ತಗೊಂಡು ಮಾಸ್ತರ ಹಂತ್ಯಾಕ ಹೋದ್ವಿ. ಅವರು ಬಿಸಲಿಗೆ ಹಿಡಿದು ನೋಡಿದ್ರು. "ಇದು ಗಾಜಾಗೇತಿ. ನೀ ಹಚ್ಚೂ ಸಣ್ಣ ಕೆಂಡಕ್ಕ ಸಿಲಿಕಾ ಕರಗೂದಿಲ್ಲ. ಅದು ಲಗೂನ ಕರಗಂಗ ಏನೋ ಬೆರತೈತಿ. ಸೋಡಾ ಆಗಲಿ, ಸವಳು ಮಣ್ಣಾಗಲಿ, ಉಪ್ಪಾಗಲಿ ಬಿದ್ರ ಹಿಂಗಾಕ್ಕೈತಿ. ಕರಗಿ ಮಾರಿ ಮುಚ್ಚಿಕೊಂಡ್ರ ಆಮ್ಲಜನಕ ಒಳಗ ಹೆಂಗ ಹೋಗಬೇಕು?" ಅಂದ್ರು.

"ನಮ್ಮ ಹಿತ್ತಲದಾಗ ಸವಳಿಲ್ರಿ" ಅಂದ್ಲು ಹೊಳಿಯಮ್ಮ. ಮನಿ ಹಂತ್ಯಾಕ ಬಂದಾಗ ನಿಂತು, "ಯಮನೂರಿ, ಗಂಟೆಲ್ಲ ಗುಂಪಿಯ ಒಂದ ಬಾಜೂ ಇರ್ತಾವು. ಮನಿ ಹಿತ್ತಲ ಬಾಗಲ ಕಡಿ ಬಾಜೂ" ಅಂದ್ಲು.

ಮರುದಿನ ಕಡೀ ಗುಂಪಿ ಹಾಕಿ ಕೆಂಡ ಹಿಡಿಸಿದ್ವಿ. ನಾವಿಬ್ರೂ ಎಮ್ಮಿ ಗ್ವಾದಲಿ ಹಿಂದ ಕುಂತು ಕಿಂಡಿ ಕಾಯಾಕತ್ತಿದ್ವಿ. ಮಟಮಟ ಮಧ್ಯಾಹ್ನ. ಹಿತ್ತಲ ಬಾಗಲ ಸಪ್ಪಳಾತು. ನಮ್ಮತ್ತಿ ಬಂದ್ಲು, ಸೆರಗಿನ್ಯಾಗ ಏನೋ ಕಟ್ಟಿಕೊಂಡು. ಅತ್ತಿತ್ತ ನೋಡಿದ್ಲು. ಸೆರಗ ಬಿಚ್ಚಿ ಮುಷ್ಟಿ ತುಂಬ ಹಳ್ಳುಪ್ಪು ಹಿಡಿದು ಗುಂಪಿಗೆ ನಿವಾಳಿಸಿ ಇಳಿ ತಗದ್ಲು. "ಹಾದೀ ಕಣ್ಣು, ಬೀದೀ ಕಣ್ಣು, ಹೊಗಳಿದೋರ ಕಣ್ಣು, ಹೊಟ್ಟಿಕಿಚ್ಚಿನೋರ ಕಣ್ಣು, ಎಲ್ಲಾರ ನೆದರೂ ಸುಟ್ಟು ಬೂದಿಯಾಗ್ಲಿ" ಅಂತ ಬಾಗಲ ಕಡಿ ಬಾಜೂ ಗುಂಪಿ ಕೆದರಿ ಕೆಂಡಕ್ಕ ಹಾಕಿದ್ಲು. ಉಪ್ಪು ಚಟಪಟ ಚಟಪಟ ಸಿಡೀತು. "ಎಪ್ಪಾ, ಎಷ್ಟು ನೆದರ ಆಗೈತಿ ನನ್ನ ಸೊಸಿ ಬೂದಿಗೆ" ಅಂತ ಮತ್ತೊಂದು ಮುಷ್ಟಿ ಹಾಕಿದ್ಲು. ಸಿಡದಷ್ಟೂ ಹಾಕಿದ್ಲು.

ಅಂದ್ರ ತಿಳೀತಲ್ಲ? ಬೂದಿ ಕೆಡ್ತು ಅಂತ ನೆದರ ತಗಿಯೂದು, ನೆದರ ತಗದದ್ದಕ್ಕ ಬೂದಿ ಕೆಡೂದು, ಕೆಟ್ಟಿದ್ದಕ್ಕ ಇನ್ನಷ್ಟು ಉಪ್ಪು! ನನಗ ಮೈಯೆಲ್ಲ ಉರೀತು. "ಯತ್ತಿ!" ಅಂತ ಚೀರಾಕ ಬಾಯಿ ತಗದೆ. ತಗದ ಬಾಯಿಗೆ ಹೊಳಿಯಮ್ಮನ ಬೂದಿ ಕೈ ಗಪ್ಪನ ಬಂದು ಕುಂತಿತು. ಅತ್ತಿ ಒಳಗ ಹೋಗೂತನ ಆ ಕೈ ತಗೀಲಿಲ್ಲ.

"ಬಿಡ ನನ್ನ!" ಅಂದೆ. "ಎಲ್ಲಾರ ಕೈಲೆ ಉಗುಳಿಸ್ಕೊಂಡಿ, ಉಪಾಸ ಬಿದ್ದಿ, ಎಲ್ಲಾ ಈ ಮುದುಕಿ ಸಲುವಾಗಿ. ಹೋಗಿ ಓಣಿ ನಡುವ ನಿಲ್ಲಿಸಿ ಕೇಳ್ತೀನಿ ನೋಡ."

"ಏನಂತ ಕೇಳ್ತಿ?" ಅಂದ್ಲು ಹೊಳಿಯಮ್ಮ. ಅಕಿ ಕಣ್ಣಾಗ ನೀರು ತುಂಬಿತ್ತು. "ಮಗಳ್ನ ನೀರು ತಗೊಂಡ್ತು. ಇನ್ನೊಬ್ಬರ ಮಗಳ್ನ ತಗೋಬಾರದಂತ ಈ ಟಾಕಿ. ನಮ್ಮೆಲ್ಲಾರಕಿಂತ ಅಕಿಗೇ ಹೆಚ್ಚು ಬೇಕೈತಿ ಇದು. ಅದನ್ನ ಕೆಡಸಾಕತ್ತಾಕಿ ನೀನ ಅಂತ ಯಾವ ಬಾಯಿಲೆ ಹೇಳ್ತಿ? ಹೇಳಿದ್ರ ಅಕಿ ನಾಳಿಗೆ ಉಳಿತಾಳೇನು?"

ನನ್ನ ಸಿಟ್ಟು ಹಂಗ ನಿಂತುಬಿಡ್ತು.

ಹೊಳಿಯಮ್ಮ ಎದ್ದು ಸಲಿಕಿ ತಗೊಂಡು ಉಪ್ಪು ಬಿದ್ದಷ್ಟೂ ಕೆಂಡ ಗೋರಿ ದೂರ ಒಗದ್ಲು. ಹೊಸ ಹೊಟ್ಟು ಮುಚ್ಚಿದ್ಲು. ಕೈ ತೊಳಕೊಂಡು ಒಳಗ ಹೋಗಿ ಅತ್ತಿ ಮುಂದ ಕುಂತ್ಲು. ನಾ ಬಾಗಲ ಸಂದಿನ್ಯಾಗ.

"ಅತ್ತಿ, ಒಂದು ಮಾತು ಹೇಳ್ತೀನಿ, ಬೈಬ್ಯಾಡ್ರಿ. ಮಂದಿ ಕಣ್ಣು ಬಿದ್ದದ್ದು ಬೂದಿಗಲ್ಲ, ನನಗ. ಮೈ ಭಾರ ಆಗೈತಿ, ಕೈ ನಡಗತಾವು, ಕಿಂಡಿ ತೆರಿಯೂದು ಮುಚ್ಚೂದು ತಪ್ಪಾಕತ್ತೈತಿ. ಅದಕ್ಕ ಬೂದಿ ಕೆಡ್ತೈತಿ. ನನಗ ಇಳಿ ತಗೀರಿ. ಮನಿ ಒಲಿಯಾಗ ಹಾಕ್ರಿ, ಮನಿ ಸೊಸಿದು ಮನಿ ಒಲಿಯಾಗ ಹೋಗಬೇಕಲ್ರಿ."

ನಮ್ಮತ್ತಿ ಅಕಿ ಮಾರಿ ನೋಡಿದ್ಲು. "ಹೌದ ಯವ್ವಾ, ನನಗ ಯಾಕ ಹೊಳೀಲಿಲ್ಲ? ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು" ಅಂತ ಹಣಿ ಬಡಕೊಂಡು ಉಪ್ಪಿನ ಗಡಿಗಿಗೆ ಕೈ ಹಾಕಿದ್ಲು. ಅವತ್ತಿನಿಂದ ಗುಂಪಿ ಸುಡೂತನ ದಿನಾ ಹೊತ್ತು ಮುಣಗೂ ಹೊತ್ತಿಗೆ ಸೊಸೀನ್ನ ಒಲಿ ಮುಂದ ಕುಂದ್ರಿಸಿ ಇಳಿ ತಗದ್ಲು. ತಲಿ ನೇವರಿಸಿದ್ಲು, ಕೈ ಹಿಡಿದು ನಡುಕ ಹೋತೇನು ಅಂತ ಕೇಳಿದ್ಲು. ಹಿರೇ ಸೊಸೀನ್ನ ಅಕಿ ಅಷ್ಟು ಹಂತ್ಯಾಕ ಕುಂದ್ರಿಸ್ಕೊಂಡದ್ದು ನಾ ಅದ ಮೊದಲ ನೋಡಿದ್ದು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರಲ್ಲ, ಅವತ್ತು ಆ ಒಲಿ ಮುಂದ ಎರಡೂ ಇದ್ವು.

ಹೊನ್ನೂರಪ್ಪ ಬಂದು, ಮೊದಲಿನ ಗುಂಪಿ ಯಾಕ ಕೆಟ್ವು ಅಂತ ಓಣಿಯೋರ ಮುಂದ ಕೇಳಿದ. ಅತ್ತಿ ಅಲ್ಲೇ ಇದ್ಲು. "ತಪ್ಪು ನಂದ. ಲಗೂ ಆಗ್ಲಿ ಅಂತ ಕಿಂಡಿ ಭಾಳ ತೆರದೆ, ಉರಿ ಹೆಚ್ಚಾತು" ಅಂದ್ಲು ಹೊಳಿಯಮ್ಮ. ಫಕೀರಮ್ಮ "ನಾ ಹೇಳಿದ್ದಿಲ್ಲೇನು" ಅಂದ್ಲು. ಹೊಳಿಯಮ್ಮ ಕೆಳಗ ಮಾರಿ ಹಾಕಿ ಕೇಳಿಸ್ಕೊಂಡ್ಲು. ನಾ ಹಲ್ಲು ಕಚ್ಚಿ ನಿಂತೆ. ಇಂಥಾದ್ದು ನನ್ನ ಕೈಲೆ ಏಳು ಜನ್ಮಕ್ಕೂ ಆಗೂದಿಲ್ಲ ರೀ. ಮಾಡಿದ ತಪ್ಪ ಒಪ್ಪಾಕ ನಮಗ ಬಾಯಿ ಬರೂದಿಲ್ಲ, ಇಕಿ ಮಾಡದ ತಪ್ಪ ಉಡಿ ತುಂಬಿಸ್ಕೊಂಡ್ಲು.

ಗುಂಪಿ ತಗದ್ವಿ. ತುದಿಯಿಂದ ಬುಡದ ತನ ಬೆಳ್ಳಗ! ಗಂಟಿಲ್ಲ, ಗರಕಿಲ್ಲ. ಹೊನ್ನೂರಪ್ಪ ಬೊಗಸ್ಯಾಗ ಹಿಡಿದು ಹಣಿಗೆ ಹಚ್ಕೊಂಡ. ಸುಣ್ಣ ಕೂಡಿಸಿ, ತಿರುವಿ ತಿರುವಿ ಅರದು, ಟಾಕಿ ಒಳಗ ಗಿಲಾವು ಮಾಡಿದ. ತೋಯಿಸಿದ ಗೋಣಿ ತಟ್ಟು ಹೊಚ್ಚಿ ನಾವು ಹೆಣಮಕ್ಕಳು ಸರದೀಲೆ ನೀರು ಹೊಡದ್ವಿ. ಫಕೀರಮ್ಮನೂ ಬಂದು ನೀರು ಹೊಡದ್ಲು, ಸುಳ್ಳ ಯಾಕ ಹೇಳ್ಲಿ. ಕಾಲುವ್ಯಾಗ ಕಡೀ ನೀರು ಹರಿಯೂ ವಾರದಾಗ ಟಾಕಿ ತುಂಬಿಸಿದ್ವಿ. ನೀರು ನಿಂತಲ್ಲಿ ಗೌಂಡಿ ಇದ್ದಲೀಲೆ ಗೀಟು ಎಳದ. ಗೀಟಿನಕಿಂತ ನೀರು ಕೆಳಗ ಇಳೀತಂದ್ರ ಎಲ್ಲಾ ಮುಗೀತು.

ಮರುದಿನ ಮುಂಜಾನಿ ಹೊತ್ತು ಏರೂದ್ರಾಗ ಓಣಿಗೆ ಓಣೀನ ಟಾಕಿ ಸುತ್ತ ನಿಂತಿತ್ತು. ಹೊನ್ನೂರಪ್ಪ ಬಗ್ಗಿ ನೋಡಿದ. ಬಗ್ಗಿದಾಂವ ಏಳಲೇ ಇಲ್ಲ. ಕೊನಿಗೆ ತಲಿ ಎತ್ತಿ, "ಗೀಟಿನ ಮ್ಯಾಲ ಐತ್ರೋ! ಎಲ್ಲಿತ್ತೋ ಅಲ್ಲೇ ಐತಿ!" ಅಂತ ಕೂಗಿದ. ಹುಡುಗ್ರು ಕುಣದ್ವು, ಗಂಡಸ್ರು ಸೀಟಿ ಹೊಡದ್ರು. ಯಂಕೋಬ ಭಾವ ಹೆಂಡ್ತಿ ಮಾರಿ ನೋಡಿ ನಗ್ಯಾಡಿದ, ಅಂವ ನಕ್ಕದ್ದ ಅಪರೂಪ.

ಅಷ್ಟೊತ್ತಿಗೆ ನಮ್ಮತ್ತಿ ಮಂದ್ಯಾಗ ಹಾದಿ ಮಾಡ್ಕೊಂಡು ಬಂದ್ಲು. ಮುಷ್ಟಿ ಬಿಗಿ ಇತ್ತು. ಟಾಕಿಗೆ ಇಳಿ ತಗಿಯಾಕ ಬಂದಾಳ ಅಂತ ನನಗ ತಿಳೀತು. ಹೊಳಿಯಮ್ಮ ನನಕಿಂತ ಮೊದಲ ತಿಳಕೊಂಡಿದ್ಲು. ಓಡಿ ಹೋಗಿ ಒಲಿಯಾಗಿನ ಕೆಂಡ ಸಲಿಕ್ಯಾಗ ತಂದು, ಟಾಕಿಗೆ ದೂರ, ಅತ್ತಿ ಮುಂದ ಹಿಡದ್ಲು. ಅತ್ತಿ ಟಾಕಿಗೆ ಇಳಿ ತಗದ್ಲು, ಸೊಸಿಗೂ ತಗದ್ಲು, ಉಪ್ಪು ಕೆಂಡಕ್ಕ ಹಾಕಿದ್ಲು. ಚಟಪಟ ಅಂತು.

ನಮ್ಮತ್ತಿ ಓಣಿ ಮಂದೀಗೆಲ್ಲ ತಿರುಗಿ ನಿಂತ್ಲು. "ನೋಡಿದ್ರೇನು? ಎಷ್ಟು ಕಣ್ಣು ಬಿದ್ದಿದ್ವು ಇದಕ್ಕ! ನಾ ಉಪ್ಪು ಹಾಕಿ ಹಾಕಿ ಸುಡಲಿಲ್ಲಂದ್ರ ಈ ಟಾಕಿ ನಿಲ್ತಿತ್ತೇನು?" ಅಂದ್ಲು. ಆಮ್ಯಾಲ ಮೆತ್ತಗ, ಯಾರಿಗೂ ಅಲ್ಲ ಅನ್ನೂವಂಗ, "ಆಗ ಇದೊಂದು ಇದ್ದಿದ್ರ ನನ್ನ ಮಾರೆವ್ವ ಇರ್ತಿದ್ಲು. ಆಕೀನ್ನ ಉಳಿಸ್ಕೊಳ್ಳಾಕ ಆಗ್ಲಿಲ್ಲ. ಇದನ್ನರ ಉಳಿಸಿದೆ" ಅಂದ್ಲು.

"ಹೌದ್ರಿ ಅತ್ತಿ" ಅಂದ್ಲು ಹೊಳಿಯಮ್ಮ. "ನೀವು ಉಳಿಸಿದ್ರಿ."

ಸತ್ಯ ನನ್ನ ನಾಲಿಗಿ ತುದೀಗೆ ಬಂದಿತ್ತು. ಫಕೀರಮ್ಮ ಪಕ್ಕದಾಗ ನಿಂತಿದ್ಲು, ಇಡೀ ಓಣಿ ಕೇಳ್ತಿತ್ತು. ಹೊಳಿಯಮ್ಮನ ಎರಡೂ ಕೈಯಾಗ ಸಲಿಕಿ ಇತ್ತು. ಅವತ್ತು ನನ್ನ ಬಾಯಿ ಯಾರೂ ಮುಚ್ಚಲಿಲ್ಲ, ನಾನ ಮುಚ್ಚಿಕೊಂಡೆ. ಕೊಡ ತಗೊಂಡು ನೀರು ತುಂಬಾಕ ಬಗ್ಗಿದೆ.